ಮನೆಯವರೇ ಮೊದಲು ಹೊಸ್ತಿಲು ದಾಟಬೇಕು

(ಹೊಸನಗರ ತಾಲೂಕಿನ ಹುಲಿಕಲ್‌ನಲ್ಲಿ ನಡೆದ ವಚನ ಚಿಂತನ ಗೋಷ್ಠಿಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ನನಗೆ ಕೊಟ್ಟ ವಿಷಯ ‘ವಚನ ಮತ್ತು ಭಾಷೆ’. 34 ವರ್ಷ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿದವನು ನಾನು. ಸಂಘಟಕರು ಬಂದು ಕೇಳಿದಾಗ, ಇದೇನು ದೊಡ್ಡ ವಿಷಯ, ವಚನಕಾರರು ಕನ್ನಡಕ್ಕೆ ಕೊಟ್ಟ ಕೊಡುಗೆಯ ಬಗ್ಗೆ ಅರ್ಧ ಗಂಟೆ ಮಾತಾಡಿದರಾಯಿತು ಎಂದುಕೊಂಡೆ. ಆದರೆ ಬರೆಯಲು ಕುಳಿತಾಗ ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ ಅಡ್ಡ ಬಂತು. ಅದನ್ನು ಬಿಟ್ಟು ಮಾತಾಡಿದರೆ ಸುಳ್ಳು ಹೇಳಿದ ಹಾಗಾಗುತ್ತದೆ. ಆದ್ದರಿಂದ ಇಂದು ಕನ್ನಡದ ಹಿರಿಮೆಗಿಂತ ನನ್ನ ತಪ್ಪಿನ ಬಗ್ಗೆಯೇ ಹೆಚ್ಚು ಹೇಳುತ್ತೇನೆ. ತಾವು ಕ್ಷಮಿಸಬೇಕು.

ಹುಲಿಕಲ್ಲಿನವರಿಗೆ ಭಾಷೆ ಬದಲಾಗುವುದು ಹೊಸದಲ್ಲ. ಇಲ್ಲಿಂದ ಬಾಳೆಬರೆ ಘಾಟಿ ಇಳಿದು ಹೊಸಂಗಡಿ ಮುಟ್ಟುವಷ್ಟರಲ್ಲಿ ನಮ್ಮ ಕನ್ನಡ ಬೇರೆಯೇ ಆಗಿರುತ್ತದೆ. ಮೇಲೆ ‘ಹೋಗಬೇಕು’ ಎಂದದ್ದು ಕೆಳಗೆ ‘ಹೋಯ್ಕ್’ ಆಗುತ್ತದೆ. ವಾರಾಹಿ ಯೋಜನೆ ನಡೆಯುತ್ತಿದ್ದ ಕಾಲದಲ್ಲಿ ಮಾಸ್ತಿಕಟ್ಟೆಯ ಕಡೆ ತಮಿಳು, ತೆಲುಗು, ಮಲಯಾಳ ಎಲ್ಲವೂ ಕಿವಿಗೆ ಬೀಳುತ್ತಿದ್ದವು. ಕನ್ನಡ ಕನ್ನಡದ ನಡುವೆಯೂ ಎಡವಟ್ಟುಗಳಿಗೆ ಕೊರತೆಯಿಲ್ಲ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ವಿಜಯಪುರದ ಕಡೆಯಿಂದ ಒಬ್ಬ ಮೇಷ್ಟ್ರು ವರ್ಗವಾಗಿ ಬಂದರು. ಬೆಳಿಗ್ಗೆ ಎದುರು ಸಿಕ್ಕಾಗ ನಾನು ಪ್ರೀತಿಯಿಂದಲೇ “ತಿಂಡಿ ಆಯ್ತಾ ಸಾರ್?” ಎಂದೆ. ಅವರ ಮುಖ ಕೆಂಪಾಯಿತು. ಅವರ ಕಡೆ ತಿಂಡಿ ಎಂದರೆ ತುರಿಕೆ, ಮೈಮೇಲೆ ಜಗಳ ಎಳೆದುಕೊಳ್ಳುವವನಿಗೆ ಹೇಳುವ ಮಾತು ಎಂದು ನನಗೆ ಗೊತ್ತಾದದ್ದು ಒಂದು ವಾರದ ಮೇಲೆ. ಅಷ್ಟು ದಿನ ಅವರು ನನ್ನ ಜೊತೆ ಮಾತಾಡಿರಲಿಲ್ಲ. ಆಮೇಲೆ ನಾವಿಬ್ಬರೂ ಎಷ್ಟು ನಕ್ಕೆವೆಂದರೆ, ಅವರು ನಿವೃತ್ತರಾಗಿ ಊರಿಗೆ ಹೋದ ಮೇಲೂ ಫೋನ್ ಮಾಡಿ “ತಿಂಡಿ ಐತೇನ್ರಿ ಮಾಸ್ತರ?” ಎಂದೇ ಮಾತು ಶುರು ಮಾಡುತ್ತಿದ್ದರು.

ಆ ವಾರದ ಮೌನ ನಗುವಿನಲ್ಲಿ ಮುಗಿಯಿತು. ಇನ್ನೊಂದು ಮೌನ ಅಷ್ಟು ಸುಲಭವಾಗಿ ಮುಗಿಯಲಿಲ್ಲ.

ನನ್ನ ಮಗ ಪುಣೆಯಲ್ಲಿ ಕೆಲಸದಲ್ಲಿದ್ದ. ಸೊಲ್ಲಾಪುರ ಜಿಲ್ಲೆಯ ಒಂದು ಲಿಂಗಾಯತ ಮನೆತನದ ಹುಡುಗಿಯನ್ನು ಮೆಚ್ಚಿ ಮದುವೆಯಾದ. ನಮಗೂ ಸಂತೋಷವೇ. ಇಷ್ಟಲಿಂಗ ಕಟ್ಟಿದ ಹುಡುಗಿ, ವಿಭೂತಿ ಧರಿಸುವ ಮನೆ, ಮದುವೆಯೂ ಸರಳವಾಗಿ ನಡೆಯಿತು. 2020ರಲ್ಲಿ ಲಾಕ್‌ಡೌನ್ ಬಂದಾಗ ಇಬ್ಬರೂ ಊರಿಗೆ ಬಂದರು. ಅಡಿಕೆ ತೋಟ ನೋಡಿಕೊಳ್ಳುವವರಿರಲಿಲ್ಲ, ಮಗ ಇಲ್ಲೇ ಉಳಿದ. ಸೊಸೆಯೂ ಉಳಿದಳು. ಅವಳಿಗೆ ಮರಾಠಿ, ಹಿಂದಿ ಬರುತ್ತಿತ್ತು. ಕನ್ನಡ ಬರುತ್ತಿರಲಿಲ್ಲ. ನಮಗೆ ಕನ್ನಡ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ನಮ್ಮ ಮನೆಯವರಿಗೆ ಟೀವಿ ನೋಡಿ ಕಲಿತ ನಾಲ್ಕು ಹಿಂದಿ ಶಬ್ದಗಳಿದ್ದವು, ಅಷ್ಟೇ.

ನಡುವೆ ಮಗನೇ ದುಭಾಷಿ. ಮನೆಯ ದುಭಾಷಿ ಹೇಗಿರುತ್ತಾನೆ ಎಂದು ನಿಮಗೂ ಗೊತ್ತು. ಅವಳು ಐದು ನಿಮಿಷ ಏನೋ ಹೇಳುತ್ತಾಳೆ. “ಏನಂತೆ?” ಎಂದರೆ ಅವನು “ಏನಿಲ್ಲ ಬಿಡಿ” ಎನ್ನುತ್ತಾನೆ. ನಾನು ಹತ್ತು ಮಾತಾಡಿದರೆ ಅವಳಿಗೆ ಎರಡು ಮುಟ್ಟುತ್ತದೆ. ಜಗಳವಾಗದಿರಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಅವನು ಮಾತನ್ನು ಸೋಸುತ್ತಿದ್ದ. ಹಾಗೆ ಸೋಸುವಾಗ ಜಗಳ ಹೋಗುತ್ತಿತ್ತು ನಿಜ, ಅದರ ಜೊತೆಗೆ ಪ್ರೀತಿಯೂ ಹೋಗುತ್ತಿತ್ತು.

ನಮ್ಮ ಮನೆಯಲ್ಲಿ ಸಂಜೆ ಎಲ್ಲರೂ ಕುಳಿತು ಇಷ್ಟಲಿಂಗ ಪೂಜೆ ಮಾಡಿ, ನಾಲ್ಕು ವಚನ ಹಾಡುವುದು ನನ್ನ ತಂದೆಯ ಕಾಲದಿಂದ ನಡೆದುಬಂದ ರೂಢಿ. ಮೊದಲ ತಿಂಗಳು ಸೊಸೆಯೂ ಬಂದು ಕೂರುತ್ತಿದ್ದಳು. ಕೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚುತ್ತಿದ್ದಳು. ವಚನ ಶುರುವಾದರೆ ಸುಮ್ಮನಾಗುತ್ತಿದ್ದಳು. ಒಂದು ದಿನ ನಾನು ಅರೆಬರೆ ಹಿಂದಿಯಲ್ಲಿ, ಯಾಕಮ್ಮ ನೀನು ಹಾಡುವುದಿಲ್ಲ, ಬೇಜಾರೇ ಎಂದು ಕೇಳಿದೆ. ಅವಳು ಗಾಬರಿಯಿಂದ ಕೈ ಅಲ್ಲಾಡಿಸಿ “ನಾಹಿ ಮಾಮಾ, ರಾಗ ನಾಹಿ” ಎಂದಳು.

ರಾಗ ಇಲ್ಲ ಎಂದರೆ ಹಾಡಲು ಬರುವುದಿಲ್ಲ ಎಂದಲ್ಲವೇ? ನಾವು ಹಾಗೆಯೇ ತಿಳಿದೆವು. ಪಾಪ, ಅವಳಿಗೆ ಸಂಗೀತ ಬಾರದು, ಒತ್ತಾಯ ಮಾಡುವುದು ಬೇಡ ಎಂದು ಆವತ್ತಿನಿಂದ ಯಾರೂ ಅವಳನ್ನು ಹಾಡು ಎನ್ನಲಿಲ್ಲ. ನಾವು ಹಾಡುತ್ತಿದ್ದೆವು, ಅವಳು ಕೇಳುತ್ತಿದ್ದಳು. ಕೆಲವು ತಿಂಗಳ ನಂತರ ಅಡುಗೆ ಮನೆಯ ಕೆಲಸದ ನೆಪ ಹೇಳಿ ಬರುವುದನ್ನೇ ಬಿಟ್ಟಳು. ನಮ್ಮ ಮನೆಯವರು “ಹುಡುಗಿಗೆ ಭಕ್ತಿ ಕಡಿಮೆ” ಎಂದರು. ನಾನು ಅಲ್ಲ ಎನ್ನಲಿಲ್ಲ. ಆ ಮಾತು ನೆಂಟರ ಬಾಯಿಗೂ ಹೋಯಿತು. ಇತ್ತ ಮಗ, ತಿರುಗಿ ಪುಣೆಗೆ ಹೋಗುವ ಮಾತು ತೆಗೆದ. ಯಾಕೆಂದು ಕೇಳಿದರೆ, “ಏನಿಲ್ಲ ಬಿಡಿ.”

ಹೀಗೆ ಒಂದೂವರೆ ವರ್ಷ ಕಳೆಯಿತು. ಆಮೇಲೆ ಒಂದು ಗುರುಪ್ರವೇಶಕ್ಕೆ ನಿಪ್ಪಾಣಿ ಕಡೆಯ ನೆಂಟರ ಹೆಣ್ಣುಮಗಳೊಬ್ಬಳು ಬಂದಳು. ಅವಳಿಗೆ ಎರಡೂ ಭಾಷೆ ಬರುತ್ತದೆ. ಇವರಿಬ್ಬರೂ ಹಿತ್ತಲಲ್ಲಿ ಕುಳಿತು ಒಂದು ಮಧ್ಯಾಹ್ನವೆಲ್ಲ ಮಾತಾಡಿದರು. ಸಂಜೆ ಅವಳು ನೇರವಾಗಿ ನನ್ನ ಹತ್ತಿರ ಬಂದು ಕೇಳಿದಳು:

“ಮಾವಾರ, ಈಕಿನ್ನ ಯಾಕ ಹಾಡಾಕ ಕರಿಯೂದಿಲ್ಲ ನೀವು?”

“ಅವಳಿಗೆ ರಾಗ ಬರುವುದಿಲ್ಲವಂತೆ ತಾಯಿ, ಅವಳೇ ಹೇಳಿದಳಲ್ಲ” ಎಂದೆ.

ಅವಳು ಹಣೆ ಹಣೆ ಬಡಿದುಕೊಂಡಳು. “ಮಾವಾರ, ಅದು ನಿಮ್ಮ ಸಂಗೀತದ ರಾಗ ಅಲ್ರೀ. ಮರಾಠ್ಯಾಗ ರಾಗ ಅಂದ್ರ ಸಿಟ್ಟು. ನನಗ ಸಿಟ್ಟಿಲ್ಲ ಮಾವ ಅಂತ ಹೇಳ್ಯಾಳ ಆಕಿ!”

ನನಗೆ ಸಿಟ್ಟಿಲ್ಲ ಎಂದು ಆ ಮಗು ಹೇಳಿತ್ತು. ನಮ್ಮ ಕಿವಿಗೆ ಅದು, ನನಗೆ ಹಾಡಲು ಬಾರದು ಎಂದು ಕೇಳಿಸಿತ್ತು. ಆ ಒಂದು ಶಬ್ದದ ಮೇಲೆ ಒಂದೂವರೆ ವರ್ಷ ನಾವು ಅವಳ ಬಾಯಿ ಮುಚ್ಚಿಸಿದ್ದೆವು. ಮೇಲಿಂದ ಭಕ್ತಿ ಕಡಿಮೆ ಎಂಬ ಹೆಸರನ್ನೂ ಕೊಟ್ಟಿದ್ದೆವು.

ಆವತ್ತು ಸಂಜೆ ನಾನೇ ಹೋಗಿ ಕರೆದೆ. ನಿನಗೆ ಬರುವುದನ್ನು ಹಾಡು ತಾಯಿ ಎಂದೆ. ಮನ್ಮಥ ಸ್ವಾಮಿಗಳ ಒಂದು ಅಭಂಗ ಹಾಡಿದಳು. ಅವಳ ಅಜ್ಜಿ ಕಾರ್ತಿಕ ಹುಣ್ಣಿಮೆಗೆ ಬೀಡ್ ಜಿಲ್ಲೆಯ ಕಪಿಲಧಾರಕ್ಕೆ ನಡೆದುಕೊಂಡೇ ಹೋಗುತ್ತಿದ್ದರಂತೆ. ಆ ದಾರಿಯಲ್ಲಿ ಹಾಡುತ್ತಿದ್ದದ್ದು ಅದು. ಹೊರಗೆ ಆಷಾಢದ ಮಳೆ, ಹಂಚಿನ ಮೇಲೆ ಬೀಳುವ ಸದ್ದಿಗೆ ಪಕ್ಕದವರ ಮಾತು ಕೇಳಿಸುತ್ತಿರಲಿಲ್ಲ. ಕರೆಂಟೂ ಇರಲಿಲ್ಲ. ಅವಳ ದನಿ ಮಾತ್ರ ಕೇಳಿಸಿತು. ನನಗೆ ಪೂರ್ತಿ ಅರ್ಥವಾಗಲಿಲ್ಲ. ಗುರು, ಲಿಂಗ, ಭಕ್ತಿ ಎಂಬ ಶಬ್ದಗಳು ಗೊತ್ತಾದವು. ನಮ್ಮ ಮನೆಯವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಶರಣ ಬಂಧುಗಳೇ, ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹುಡುಗಿ ಎಲ್ಲಿಂದ ಬಂದವಳು? ಸೊಲ್ಲಾಪುರದ ಕಡೆಯಿಂದ. ಸೊಲ್ಲಾಪುರ ಎಂದರೆ ಯಾವುದು? ನಮ್ಮ ಸೊನ್ನಲಿಗೆ. ಶಿವಯೋಗಿ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಊರು. ಬಸವಣ್ಣನವರು ಕಲ್ಯಾಣಕ್ಕೆ ಬರುವ ಮೊದಲು ಇದ್ದ ಮಂಗಳವೇಢೆ ಇಂದು ಅದೇ ಜಿಲ್ಲೆಯಲ್ಲಿದೆ. ಉರಿಲಿಂಗದೇವರ, ಉರಿಲಿಂಗಪೆದ್ದಿಗಳ ಕಂಧಾರ ಇಂದು ನಾಂದೇಡ್ ಜಿಲ್ಲೆಯಲ್ಲಿದೆ. ವಚನ ಹುಟ್ಟಿದ ನೆಲದಿಂದ ಬಂದ ಮಗಳನ್ನು, ವಚನದ ಭಾಷೆ ಬಾರದು ಎಂದು ನಾವು ಹೊರಗಿನವಳು ಮಾಡಿದ್ದೆವು. ರಾಜ್ಯದ ಗಡಿಯನ್ನು ಸರ್ಕಾರಗಳು ಎಳೆದವು. ಮನೆಯ ಒಳಗಿನ ಗಡಿಯನ್ನು ಎಳೆದವನು ನಾನು.

ಈಗ ಕಲ್ಯಾಣದ ಕಡೆಗೆ ಹೋಗೋಣ. ಅನುಭವ ಮಂಟಪ ಎಂದರೆ ಕನ್ನಡಿಗರಷ್ಟೇ ಕೂಡಿದ ಸಭೆ ಎಂದು ನಮ್ಮ ಮನಸ್ಸಿನಲ್ಲಿ ಒಂದು ಚಿತ್ರವಿದೆ. ಅಲ್ಲಮಪ್ರಭುಗಳು ಬಳ್ಳಿಗಾವೆಯವರು, ಅಕ್ಕಮಹಾದೇವಿ ಉಡುತಡಿಯವರು, ನಮ್ಮದೇ ಶಿವಮೊಗ್ಗ ಜಿಲ್ಲೆಯವರು ಎಂದು ನಾವು ಹೆಮ್ಮೆ ಪಡುತ್ತೇವೆ. ಪಡಬೇಕಾದದ್ದೇ. ಆದರೆ ಉಳಿದವರನ್ನು ನೋಡಿ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸರಾಗಿದ್ದರು, ರಾಜ್ಯ ಬಿಟ್ಟು ಬಂದು ಸೌದೆ ಮಾರುವ ಕಾಯಕ ಹಿಡಿದರು ಎನ್ನುತ್ತದೆ ನಮ್ಮ ಪರಂಪರೆ. ಆದಯ್ಯನವರು ಸೌರಾಷ್ಟ್ರದಿಂದ ಬಂದ ವ್ಯಾಪಾರಿ. ‘ಸೌರಾಷ್ಟ್ರ ಸೋಮೇಶ್ವರ’ ಎಂಬ ಅವರ ಅಂಕಿತದಲ್ಲೇ ಊರಿನ ನೆನಪು ಉಳಿದಿದೆ. ಉರಿಲಿಂಗಪೆದ್ದಿಗಳ ಹೆಸರಿನಲ್ಲಿರುವ ‘ಪೆದ್ದಿ’ ತೆಲುಗಿನದು. ಮರುಳಶಂಕರದೇವರು ಅಫ್ಘಾನಿಸ್ತಾನದ ಕಡೆಯವರೆಂದು ಹೇಳಿಕೊಂಡು ಬಂದಿದ್ದೇವೆ. ಇವರೆಲ್ಲರ ವಚನಗಳೂ ನಮಗೆ ಕನ್ನಡದಲ್ಲಿ ಸಿಕ್ಕಿವೆ.

ಅಂದರೆ ಇವರು ಕನ್ನಡ ಕಲಿತರು. ಹೊಟ್ಟೆಪಾಡಿಗಾಗಿ ಕಲಿಯುವುದು ಬೇರೆ, ತನ್ನ ಅಂತರಂಗವನ್ನು ಬಿಚ್ಚಿಡುವಷ್ಟು ಕಲಿಯುವುದು ಬೇರೆ. ಅಷ್ಟು ಕಲಿಯಬೇಕಾದರೆ ಆ ಊರಿನವರು ತಪ್ಪಿಗೆ ನಕ್ಕಿರಲಾರರು. ಸೌದೆ ಹೊತ್ತು ಬಂದವರು ತೊದಲಿದಾಗ ಕಾದು ಕೇಳಿರಬೇಕು. ನಾನು 34 ವರ್ಷ ಮಕ್ಕಳಿಗೆ ಭಾಷೆ ಕಲಿಸಿದ ಅನುಭವದಿಂದ ಹೇಳುತ್ತೇನೆ: ನಕ್ಕ ತರಗತಿಯಲ್ಲಿ ಯಾವ ಮಗುವೂ ಬಾಯಿ ಬಿಡುವುದಿಲ್ಲ.

ಇನ್ನೂ ಒಂದು ಮಾತು. ಕನ್ನಡದಲ್ಲಿ ವಚನ ಹುಟ್ಟಿದ್ದಾದರೂ ಯಾಕೆ? ಧರ್ಮದ ಮಾತು ಸಂಸ್ಕೃತದಲ್ಲಿ ಕೂತಿತ್ತು. ಅದು ಬಲ್ಲವರು ಕೆಲವರೇ. ಮಡಿವಾಳರಿಗೆ, ಅಂಬಿಗರಿಗೆ, ಸೂಳೆ ಸಂಕವ್ವೆಯಂಥವರಿಗೆ, ಹೊಲೆಯರಿಗೆ ಮಾದಿಗರಿಗೆ ಆ ಬಾಗಿಲು ಮುಚ್ಚಿತ್ತು. ನೀವು ಸಂಸ್ಕೃತ ಕಲಿತು ಬನ್ನಿ, ಆಮೇಲೆ ದೇವರ ಮಾತು ಹೇಳುತ್ತೇವೆ ಎಂದು ಬಸವಣ್ಣನವರು ಹೇಳಲಿಲ್ಲ. ಅವರಿಗೆ ಸಂಸ್ಕೃತ ಬರುತ್ತಿರಲಿಲ್ಲವೆಂದಲ್ಲ. ಬಲ್ಲವರೇ ಇಳಿದು ಬಂದರು. ಕೇಳುವವರ ಬಾಯಲ್ಲಿದ್ದ ಭಾಷೆಯನ್ನೇ ತೆಗೆದುಕೊಂಡು ಆಡಿದರು. ಹೊಸ್ತಿಲು ದಾಟುವ ಕಷ್ಟವನ್ನು ಒಳಗಿದ್ದವರು ತೆಗೆದುಕೊಂಡರು, ಹೊರಗೆ ನಿಂತವರ ತಲೆಗೆ ಕಟ್ಟಲಿಲ್ಲ. ವಚನ ಚಳವಳಿಯ ತಿರುಳು ಇದೇ ಎಂದು ನನಗೆ ತೋರುತ್ತದೆ. ಇಂದು ನಾವು ಅದೇ ವಚನವನ್ನು ಹಿಡಿದುಕೊಂಡು, ಕನ್ನಡ ಬಂದರೆ ಒಳಗೆ ಬಾ, ಇಲ್ಲವಾದರೆ ಸುಮ್ಮನೆ ಕೂರು ಎಂದರೆ, ಕನ್ನಡವನ್ನೇ ಹೊಸ ಸಂಸ್ಕೃತ ಮಾಡಿದಂತಾಯಿತು. ಸ್ಥಾವರವನ್ನು ಒಲ್ಲೆವೆಂದವರು ಭಾಷೆಯನ್ನೇ ಸ್ಥಾವರ ಮಾಡಿ ಕೂತಂತಾಯಿತು.

ಮರುಳಶಂಕರದೇವರ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ, ತಮಗೆಲ್ಲ ಗೊತ್ತಿದೆ. 12 ವರ್ಷ ಅವರು ಬಸವಣ್ಣನವರ ಮಹಾಮನೆಯಲ್ಲೇ, ಪ್ರಸಾದದ ಕುಂಡದ ಬಳಿ ಇದ್ದರು. ಯಾರೂ ಗುರುತಿಸಲಿಲ್ಲ. ಅಲ್ಲಮಪ್ರಭುಗಳು ಬಂದು ತೋರಿಸಿದ ಮೇಲೆಯೇ ಅಂಥ ಮಹಾನುಭಾವರು ತಮ್ಮ ಮನೆಯಲ್ಲೇ ಇದ್ದರೆಂದು ಬಸವಣ್ಣನವರಿಗೆ ತಿಳಿದದ್ದು. ಅವರ ಮೌನಕ್ಕೆ ಭಾಷೆಯೇ ಕಾರಣ ಎಂದು ಗ್ರಂಥ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ಆ ಪ್ರಸಂಗ ಓದಿದಾಗ ಮೊದಲೆಲ್ಲ ನನ್ನ ಕಣ್ಣು ಮರುಳಶಂಕರರ ಮೇಲಿರುತ್ತಿತ್ತು. ಈಗ ಮನೆಯ ಯಜಮಾನನ ಮೇಲೆ ಹೋಗುತ್ತದೆ. ಬಸವಣ್ಣನವರಂಥ ಬಸವಣ್ಣನವರ ಮನೆಯಲ್ಲೂ ಒಬ್ಬರು ಗುರುತಿಲ್ಲದೆ ಉಳಿಯಬಹುದಾದರೆ, ನಮ್ಮ ನಿಮ್ಮ ಮನೆಯ, ಮಠದ, ಸಂಘದ ಮೂಲೆಯಲ್ಲಿ ಎಷ್ಟು ಜನ ಹಾಗೆ ಕೂತಿರಬಹುದು?

ನಮ್ಮ ಹಿರಿಯರು ಈ ಹೊಸ್ತಿಲನ್ನು ಮತ್ತೆ ಮತ್ತೆ ದಾಟಿದ್ದಾರೆ. ಹದಿಮೂರನೆಯ ಶತಮಾನದಲ್ಲಿ ಪಾಲ್ಕುರಿಕೆ ಸೋಮನಾಥರು ಬಸವಣ್ಣನವರ ಕಥೆಯನ್ನು ತೆಲುಗಿನಲ್ಲಿ ಬರೆದರು. ಪಂಡಿತರು ಮೆಚ್ಚುವ ಭಾಷೆ ಬಿಟ್ಟು, ಜನ ಆಡುವ ತಿಳಿಯಾದ ತೆಲುಗಿನಲ್ಲಿ, ಹಾಡಲು ಬರುವ ದ್ವಿಪದಿಯಲ್ಲಿ ಬರೆದರು. ಭೀಮಕವಿಗಳು 1369ರಲ್ಲಿ ಅದನ್ನು ಆಧರಿಸಿ ಕನ್ನಡದ ಬಸವಪುರಾಣ ರಚಿಸಿದರು. ನಮ್ಮ ಮಠಗಳಲ್ಲಿ ತಲೆತಲಾಂತರದಿಂದ ಪುರಾಣ ಹೇಳಿಸಿದೆವಲ್ಲ, ಅದು ತೆಲುಗಿನಿಂದ ತಿರುಗಿ ನಮ್ಮ ಮನೆಗೆ ಬಂದದ್ದು. ಬೇರೆ ಭಾಷೆಗೆ ಕೊಟ್ಟರೆ ನಮ್ಮದು ಕಳೆಯುತ್ತದೆ ಎನ್ನುವವರು ಇದನ್ನು ನೆನೆಯಬೇಕು. ಮರಾಠಿಯಲ್ಲಿ ಮನ್ಮಥ ಸ್ವಾಮಿಗಳು ‘ಪರಮರಹಸ್ಯ’ ಬರೆದರು. ಅದನ್ನು ಓದಿಕೊಂಡೇ ಮರಾಠವಾಡದ ಲಕ್ಷಾಂತರ ಮನೆಗಳು ಕೊರಳಲ್ಲಿ ಲಿಂಗ ಉಳಿಸಿಕೊಂಡವು.

ಇನ್ನು ಕನ್ನಡವೇ ಬಾಗಿಲ ಹೊರಗೆ ನಿಂತ ಕಾಲವೂ ಇತ್ತು. ನಿಜಾಮರ ಆಳ್ವಿಕೆಯಲ್ಲಿ, ಬಸವಣ್ಣನವರ ಕಾರ್ಯಕ್ಷೇತ್ರವಾದ ಬೀದರಿನ ನೆಲದಲ್ಲೇ, ಕನ್ನಡ ಶಾಲೆ ನಡೆಸುವುದು ಕಷ್ಟವಾಗಿತ್ತು. ಭಾಲ್ಕಿ ಹಿರೇಮಠದ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಆ ಕಥೆ ಹೇಳುವಾಗ ನಮ್ಮ ಎದೆ ಉಬ್ಬುತ್ತದೆ. ಆದರೆ ಅದರಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. ತನ್ನ ಭಾಷೆಯಲ್ಲಿ ಬಾಯಿ ಬಿಡಲು ಆಗದಿರುವುದು ಎಂಥ ನೋವು ಎಂದು ಬಲ್ಲವರು ನಾವು. ಬಲ್ಲವರು ಇನ್ನೊಬ್ಬರಿಗೆ ಅದೇ ನೋವು ಕೊಡಬಾರದು.

ಕನ್ನಡ ಬಲ್ಲವರಿಗೂ ವಚನ ದೂರವಾಗಿದ್ದ ದಿನಗಳಿದ್ದವು. ತಾಳೆಗರಿಯಲ್ಲಿ ಕಟ್ಟಿಟ್ಟಿದ್ದ ವಚನಗಳನ್ನು ಫ.ಗು. ಹಳಕಟ್ಟಿಯವರು ಊರೂರು ಅಲೆದು ಹುಡುಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚು ಹಾಕಿಸಿದ ಮೇಲೆ ತಾನೇ ಅವು ಓದುವವರ ಕೈಗೆ ಬಂದದ್ದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1965ರಿಂದ ಶೂನ್ಯಸಂಪಾದನೆಯನ್ನು ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದಿತು. ಎ.ಕೆ. ರಾಮಾನುಜನ್ನರ 1973ರ ಇಂಗ್ಲಿಷ್ ಅನುವಾದದಿಂದ ವಚನ ಹೊರದೇಶಗಳಿಗೆ ಹೋಯಿತು. ಬಿ.ಡಿ. ಜತ್ತಿಯವರು 1964ರಲ್ಲಿ ಕಟ್ಟಿದ ಬಸವ ಸಮಿತಿ, ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಆರಿಸಿದ 2500 ವಚನಗಳನ್ನು ದೇಶದ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಿಗೆ ಅನುವಾದ ಮಾಡಿಸಿತು. ಪುಸ್ತಕಗಳಿವೆ. ನಮ್ಮ ಮನೆಯಲ್ಲೂ ಕನ್ನಡದ ಸಂಪುಟವಿತ್ತು. ಮರಾಠಿಯದೂ ಇದೆ ಎಂದು ಗೊತ್ತಿದ್ದೂ ತರಿಸಬೇಕೆಂದು ನನಗೆ ಹೊಳೆಯಲಿಲ್ಲ. ಆದ್ದರಿಂದ, ಕೊರತೆ ಇರುವುದು ಪುಸ್ತಕದ್ದಲ್ಲ ಎಂದು ಈಗ ಹೇಳಬಲ್ಲೆ.

ನಮ್ಮ ಸಂಘದ ಹಿರಿಯರೊಬ್ಬರು ಈ ಮಾತಿಗೆ ಆಕ್ಷೇಪ ಎತ್ತಿದರು. “ಮೇಷ್ಟ್ರೆ, ಬಂದವರ ಭಾಷೆಯಲ್ಲೇ ಎಲ್ಲ ಕೊಟ್ಟರೆ ಕನ್ನಡ ಯಾರು ಕಲಿಯುತ್ತಾರೆ? ವಚನದ ಸೊಗಸು ಕನ್ನಡದಲ್ಲೇ ಇರುವುದು” ಎಂದರು. ಅವರ ಮಾತಿನಲ್ಲಿ ಸತ್ಯವಿದೆ. ಯಾವ ಅನುವಾದವೂ ಮೂಲಕ್ಕೆ ಸಮನಲ್ಲ. ನಮ್ಮ ಮಕ್ಕಳೇ ಕನ್ನಡ ಬಿಡುತ್ತಿರುವಾಗ ಅವರ ಆತಂಕ ಸುಳ್ಳೂ ಅಲ್ಲ. ಅದಕ್ಕೆ ನಾನು ವಾದ ಹೂಡಲಿಲ್ಲ, ನಮ್ಮ ಮನೆಯಲ್ಲಿ ಆಮೇಲೆ ನಡೆದದ್ದನ್ನು ಹೇಳಿದೆ.

ಆ ಸಂಜೆಯ ನಂತರ ನಮ್ಮಲ್ಲಿ ಒಂದು ಪದ್ಧತಿ ಬಂತು. ಒಂದು ವಚನ ಕನ್ನಡದಲ್ಲಿ, ಒಂದು ಅಭಂಗ ಮರಾಠಿಯಲ್ಲಿ. ಅವಳು ಹಾಡಿದ್ದಕ್ಕೆ ಅವಳು ಅರ್ಥ ಹೇಳಬೇಕು, ನಾನು ಹಾಡಿದ್ದಕ್ಕೆ ನಾನು ಹೇಳಬೇಕು. ಮಗ ನಡುವೆ ಬರುವಂತಿಲ್ಲ! ಅಡುಗೆ ಮನೆಯಲ್ಲೂ ಅತ್ತೆ ಸೊಸೆ ತಮ್ಮದೇ ಒಂದು ಶಾಲೆ ತೆರೆದರು. ಮೊದಲೊಂದು ಸಲ ಅವಳು “ಮೀಠ” ಕೇಳಿದಾಗ ನಮ್ಮ ಮನೆಯವರು ತಮ್ಮ ಟೀವಿ ಹಿಂದಿಯನ್ನು ನೆನೆದು ಬೆಲ್ಲ ಕೊಟ್ಟಿದ್ದರು. ಮರಾಠಿಯಲ್ಲಿ ಮೀಠ ಎಂದರೆ ಉಪ್ಪು. ಆವತ್ತಿನ ಸಾರು ತಾವೇ ಊಹಿಸಿಕೊಳ್ಳಿ. ಈಗ ಅದನ್ನು ಬಂದವರಿಗೆಲ್ಲ ಹೇಳಿ ಇಬ್ಬರೂ ನಗುತ್ತಾರೆ. ಎರಡು ವರ್ಷದಲ್ಲಿ ಹುಡುಗಿ ಕನ್ನಡ ಮಾತಾಡಲು ಕಲಿತಳು, ಓದಲು ಕಲಿತಳು. ಅಕ್ಷರ ನಾನೇ ತಿದ್ದಿಸಿದೆ. ಒಂದೂವರೆ ವರ್ಷ ಸುಮ್ಮನೆ ಕೂರಿಸಿದಾಗ ಕಲಿಯದವಳು, ಅವಳ ಮಾತು ಕೇಳಲು ಶುರು ಮಾಡಿದ ಮೇಲೆ ಕಲಿತಳು. ಕಾಶ್ಮೀರದಿಂದ, ಸೌರಾಷ್ಟ್ರದಿಂದ ಬಂದವರೂ ಹೀಗೆಯೇ ಕಲಿತಿರಬೇಕು. ಕನ್ನಡವನ್ನು ಬಾಗಿಲಿಗೆ ಅಗುಳಿಯಾಗಿ ಹಾಕಿದರೆ ಯಾರೂ ಮುಟ್ಟುವುದಿಲ್ಲ. ಬುತ್ತಿಯಾಗಿ ಬಿಚ್ಚಿಟ್ಟರೆ ತಾವೇ ಕೈ ಚಾಚುತ್ತಾರೆ.

ಆಕ್ಷೇಪ ಎತ್ತಿದ ಹಿರಿಯರು ಇಲ್ಲೇ ಕುಳಿತಿದ್ದಾರೆ. ಈಗ ಅವರು ನಮ್ಮ ಮನೆಗೆ ಬಂದರೆ ಆ ಅಭಂಗವನ್ನೇ ಹಾಡಮ್ಮ ಎಂದು ಕೇಳುತ್ತಾರೆ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಹೋದ ವರ್ಷ ನಮ್ಮದೇ ಕಾರ್ಯಕ್ರಮಕ್ಕೆ ಶಾಮಿಯಾನ ಹಾಕಲು ನಾಲ್ಕು ಹುಡುಗರು ಬಂದಿದ್ದರು. ಉತ್ತರ ಭಾರತದ ಕಡೆಯವರು. ರಾತ್ರಿಯೆಲ್ಲ ಮಳೆಯಲ್ಲಿ ನೆಂದು ಕಂಬ ನೆಟ್ಟಿದ್ದರು. ದಾಸೋಹದ ಮಹತ್ವದ ಬಗ್ಗೆ ಆವತ್ತು ಮಾತಾಡಿದವನೂ ನಾನೇ. ಕೊನೆಗೆ ಮೈಕಿನಲ್ಲಿ “ಸರ್ವರೂ ಪ್ರಸಾದ ಸ್ವೀಕರಿಸಿಯೇ ತೆರಳಬೇಕೆಂದು ವಿನಂತಿ” ಎಂದು ಮೂರು ಸಲ ಹೇಳಿದೆವು. ಊಟ ಮುಗಿದು ಎಲೆ ಎತ್ತುವ ಹೊತ್ತಿಗೆ ನೋಡಿದರೆ ಆ ನಾಲ್ವರು ಗಾಡಿಯ ಹಿಂದೆ ಕೂತು ಬಿಸ್ಕತ್ತು ತಿನ್ನುತ್ತಿದ್ದರು. ಸರ್ವರೂ ಎಂದರೆ ತಾವೂ ಸೇರಿದ್ದೇವೆ ಎಂದು ಅವರಿಗೆ ಗೊತ್ತಾಗಿರಲಿಲ್ಲ. ಎಲ್ಲರೂ ಎಂಬ ಅರ್ಥದ ಆ ಶಬ್ದವೇ ಅವರನ್ನು ಹೊರಗೆ ಬಿಟ್ಟಿತ್ತು. ಅಲ್ಲಿ ಹಿಂದಿಯೂ ಬೇಕಿರಲಿಲ್ಲ. ಯಾರಾದರೂ ಒಬ್ಬರು ಹೋಗಿ ಕೈ ಹಿಡಿದು ಕರೆತಂದು ಪಂಕ್ತಿಯಲ್ಲಿ ಕೂರಿಸಿದ್ದರೆ ಸಾಕಾಗಿತ್ತು.

ಆದ್ದರಿಂದ ನನ್ನ ಅನುಭವದಿಂದ ಕೆಲವು ವಿನಂತಿಗಳು. ಮಠಗಳಲ್ಲಿ, ಸಂಘಗಳಲ್ಲಿ, ಮನೆಗಳಲ್ಲಿ ಮಾಡಬಹುದಾದವು ಮಾತ್ರ.

ಮೊದಲನೆಯದು, ಗೋಷ್ಠಿ ಶುರು ಮಾಡುವ ಮುಂಚೆ ಹೊಸದಾಗಿ ಬಂದವರು ಯಾರಿದ್ದಾರೆ, ಅವರಿಗೆ ಯಾವ ಮಾತು ಬರುತ್ತದೆ ಎಂದು ಕೇಳಿಕೊಳ್ಳೋಣ. ಸುಮ್ಮನಿರುವವರನ್ನು ಭಕ್ತಿಯಿಲ್ಲದವರು, ಬುದ್ಧಿಯಿಲ್ಲದವರು, ಜಂಬದವರು ಎನ್ನುವ ಮೊದಲು ಅವರಿಗೆ ಅರ್ಥವಾಗುತ್ತಿದೆಯೇ ಎಂದು ನೋಡೋಣ.

ಎರಡನೆಯದು, ವಚನ ಹೇಳಿದ ಮೇಲೆ ಅದನ್ನು ಇಂದಿನ ಸಾದಾ ಕನ್ನಡದಲ್ಲಿ ಬಿಡಿಸಿ ಹೇಳೋಣ. ಆಯತ, ಸ್ವಾಯತ, ಸನ್ನಿಹಿತ ಎಂದರೆ ಏನೆಂದು ಕನ್ನಡ ಓದಿದ ಹುಡುಗರಿಗೇ ಗೊತ್ತಿಲ್ಲ. ಅವರೂ ನಮ್ಮ ಸೊಸೆಯ ಹಾಗೆ ಸುಮ್ಮನೆ ಕೂತಿದ್ದಾರೆ, ಅಷ್ಟೇ.

ಮೂರನೆಯದು, ಬೇರೆ ಭಾಷೆಗೆ ಹೇಳುವಾಗ ಕಾಯಕ, ದಾಸೋಹ, ಜಂಗಮ, ಇಷ್ಟಲಿಂಗ ಎಂಬ ಶಬ್ದಗಳನ್ನು ಹಾಗೆಯೇ ಇಟ್ಟು, ಅರ್ಥವನ್ನು ವಿವರಿಸೋಣ. ಕಾಯಕವನ್ನು ಬರೀ ಕೆಲಸ ಎಂದರೆ, ದಾಸೋಹವನ್ನು ಬರೀ ದಾನ ಎಂದರೆ ಬಸವಣ್ಣನವರ ಮಾತು ಅಲ್ಲೇ ಸತ್ತಿತು. ಮಹಾರಾಷ್ಟ್ರದಲ್ಲಾಗಲಿ ಅಮೆರಿಕದಲ್ಲಾಗಲಿ, ಬೇರೆ ಬೇರೆ ಭಾಷೆಯ ಶರಣರನ್ನು ಒಂದೇ ದಾರದಲ್ಲಿ ಪೋಣಿಸುವುದು ಈ ಹತ್ತಿಪ್ಪತ್ತು ಶಬ್ದಗಳೇ.

ನಾಲ್ಕನೆಯದು, ದುಭಾಷಿ ಒಬ್ಬನನ್ನೇ ನಂಬಿ ಕೂರುವುದು ಬೇಡ. ಮೊಬೈಲ್ ಅನುವಾದ ಸಂತೆಯ ವ್ಯವಹಾರಕ್ಕೆ ಸಾಕು, ಮನಸ್ಸಿನ ಸಂಕಟಕ್ಕೆ ಸಾಲದು. ಮುಖ್ಯವಾದ ಮಾತಾಗಿದ್ದರೆ, ನಾನು ಹೇಳಿದ್ದು ನಿಮಗೆ ಏನೆಂದು ತಿಳಿಯಿತು ಎಂದು ತಿರುಗಿ ಕೇಳಿ. ಅವರು ಹೇಳಿದ್ದು ನಿಮಗೆ ಏನೆಂದು ತಿಳಿಯಿತು ಎಂದೂ ಹೇಳಿ. ಇಷ್ಟು ಮಾಡಿದ್ದರೆ ನಮ್ಮ ಮನೆಯಲ್ಲಿ ರಾಗ ಎಂಬ ಶಬ್ದ ಅದೇ ದಿನ ಬಗೆಹರಿಯುತ್ತಿತ್ತು.

ಐದನೆಯದು, ಬಂದವರು ಕನ್ನಡದ ನಾಲ್ಕು ಮಾತು ತಪ್ಪಾಗಿ ಆಡಿದರೆ ನಗುವುದು ಬೇಡ. ನಾವೂ ಅವರ ಭಾಷೆಯ ನಾಲ್ಕು ಮಾತು ಕಲಿತು, ತಪ್ಪಾಗಿಯೇ ಆಡೋಣ. ಆಗ ಇಬ್ಬರೂ ಸಮ. ಜೊತೆಗೆ ನಗಬಹುದು.

ಮಾತು ಹೇಗಿರಬೇಕು ಎಂದು ಬಸವಣ್ಣನವರು ಹೇಳಿದ ವಚನ ನಮಗೆಲ್ಲ ಕಂಠಪಾಠವಾಗಿದೆ. ಕೇಳುವವರಿಗೆ ತಿಳಿಯದ ಮಾತು ಎಷ್ಟು ಚಂದವಿದ್ದರೂ ಅವರ ಪಾಲಿಗೆ ಅದು ಹಂಚಿನ ಮೇಲೆ ಬೀಳುವ ಮಳೆಯ ಸದ್ದು. ನಾವು ಇಳಿದು ಹೋಗಿ ಅವರ ಪಕ್ಕದಲ್ಲಿ ಕೂತರೆ ಮಾತ್ರ ಅದು ಮಾತಾಗುತ್ತದೆ.

ನನ್ನ ಮೊಮ್ಮಗಳಿಗೆ ಈಗ ಮೂರು ವರ್ಷ. ಅಜ್ಜಿಯ ಹತ್ತಿರ ಉಪ್ಪು ಎನ್ನುತ್ತಾಳೆ, ತಾಯಿಯ ಹತ್ತಿರ ಮೀಠ ಎನ್ನುತ್ತಾಳೆ. ಇಂದಿನ ಗೋಷ್ಠಿಯ ಕೊನೆಗೆ ನಮ್ಮ ಸೊಸೆ ಅಕ್ಕನ ಒಂದು ವಚನವನ್ನು ಕನ್ನಡದಲ್ಲಿಯೂ, ಮರಾಠಿಯಲ್ಲಿಯೂ ಹಾಡುತ್ತಾಳೆ. ಒಂದೂವರೆ ವರ್ಷ ತಡವಾಗಿ ಅವಳನ್ನು ಕರೆದವನು ನಾನು. ತಾವು ಅಷ್ಟು ತಡ ಮಾಡಬೇಡಿ.

ಅಂದಹಾಗೆ, ಇವತ್ತೂ ಶಾಮಿಯಾನದ ಹುಡುಗರು ಹೊರಗಿದ್ದಾರೆ. ಪ್ರಸಾದಕ್ಕೆ ಏಳುವಾಗ ದಯವಿಟ್ಟು ಯಾರಾದರೂ ಹೋಗಿ ಅವರನ್ನು ಕೈ ಹಿಡಿದು ಕರೆತನ್ನಿ.